ಒಂಬತ್ತನೆಯ ಚೆಂಡು ಮತ್ತು ಐದನೆಯ ಕಾರಣ

ಮನುಷ್ಯನ ಗೆಲುವಿನಲ್ಲಿ ಪುರುಷಕಾರದ, ಅಂದರೆ ಸ್ವಂತ ಪ್ರಯತ್ನದ ಪಾಲೆಷ್ಟು, ದೈವದ, ಅಂದರೆ ಪ್ರಯತ್ನದ ಹಿಡಿತಕ್ಕೆ ಸಿಗದ ಸಂಗತಿಗಳ ಪಾಲೆಷ್ಟು ಎಂಬುದು ಭಾರತೀಯ ಚಿಂತನೆಯ ಹಳೆಯ ಪ್ರಶ್ನೆ. ಮಹಾಭಾರತದ ಅನುಶಾಸನಪರ್ವದಲ್ಲಿ ಯುಧಿಷ್ಠಿರನು ಇದನ್ನೇ ಕೇಳಿದಾಗ ಭೀಷ್ಮನು ಬ್ರಹ್ಮ ಮತ್ತು ವಸಿಷ್ಠರ ಸಂವಾದವನ್ನು ಮುಂದಿಟ್ಟು, ದೈವವು ಬೀಜ, ಪುರುಷಕಾರವು ಕ್ಷೇತ್ರ, ಇವೆರಡೂ ಕೂಡದೆ ಬೆಳೆಯಿಲ್ಲ ಎನ್ನುತ್ತಾನೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವಾದರೋ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆಗಳ ಜೊತೆಗೆ ದೈವವನ್ನು ಕರ್ಮಸಿದ್ಧಿಯ ಐದನೆಯ ಕಾರಣವಾಗಿ ಎಣಿಸುತ್ತದೆ.

ಈ ಪ್ರಶ್ನೆಯನ್ನು ನಿಯಮಗಳ ಮೂಲಕವೇ ಎದುರಿಸುವ ಆಧುನಿಕ ಕ್ರೀಡೆಗಳಲ್ಲಿ ನೈನ್-ಬಾಲ್ ಪೂಲ್ ಒಂದು. ಇದರಲ್ಲಿ ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಬರೆದ ಚೆಂಡುಗಳಿದ್ದು, ಆಟಗಾರನು ಕೋಲಿನಿಂದ ಹೊಡೆಯುವ ಬಿಳಿಯ ಚೆಂಡು ಪ್ರತಿ ಹೊಡೆತದಲ್ಲೂ ಮೇಜಿನ ಮೇಲೆ ಉಳಿದವುಗಳಲ್ಲಿ ಅತ್ಯಂತ ಕಡಿಮೆ ಸಂಖ್ಯೆಯದನ್ನು ಮೊದಲು ಮುಟ್ಟಬೇಕು. ಆ ನಿಯಮ ಪಾಲಿಸಿದ ಹೊಡೆತದಲ್ಲಿ ಒಂಬತ್ತನೆಯ ಚೆಂಡು ಪಾಕೆಟ್‌ಗೆ ಬಿದ್ದರೆ, ಸಾಂಪ್ರದಾಯಿಕ ನಿಯಮದಂತೆ, ಅದು ಉದ್ದೇಶಪೂರ್ವಕವೋ ಆಕಸ್ಮಿಕವೋ ಎಂದು ಯಾರೂ ವಿಚಾರಿಸುವುದಿಲ್ಲ, ಆ ಸುತ್ತು, ಅಂದರೆ ರ‍್ಯಾಕ್, ಹೊಡೆದವನದೇ ಆಗುತ್ತದೆ.

1990ರಲ್ಲಿ ಜರ್ಮನಿಯ ಬರ್ಗ್‌ಹೈಮ್‌ನಲ್ಲಿ ಆರಂಭವಾದ ವಿಶ್ವ ನೈನ್-ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಮೊದಲ ಪುರುಷ ವಿಜೇತನಾದನು. ಮುಂದೆ ಈ ಟೂರ್ನಿಯಲ್ಲಿ ರೂಢಿಗೆ ಬಂದ ಸ್ವರೂಪದಲ್ಲಿ ಮೊದಲ ಹಂತವು ಡಬಲ್ ಎಲಿಮಿನೇಷನ್ ಆಗಿದ್ದು, ಒಮ್ಮೆ ಸೋತವನಿಗೆ ಇನ್ನೊಂದು ಅವಕಾಶ ಸಿಕ್ಕಿ, ಎರಡನೆಯ ಸೋಲಿನಿಂದ ಮಾತ್ರ ನಿರ್ಗಮನವಾಗುತ್ತದೆ. ಅನಂತರದ ನಾಕೌಟ್ ಹಂತದಲ್ಲಿ ಒಂದೇ ಸೋಲು ಸಾಕು. ಪಂದ್ಯವನ್ನು ಒಂದು ರ‍್ಯಾಕ್‌ಗೆ ಮುಗಿಸದೆ ನಿಗದಿತ ಸಂಖ್ಯೆಯ ರ‍್ಯಾಕ್‌ಗಳನ್ನು ಮೊದಲು ಗೆದ್ದವನೇ ವಿಜೇತನೆಂದು ಗಣಿಸುವುದರಿಂದ, ಇದೇ ಟೂರ್ನಿಯ 2018ರ ದೋಹಾ ಫೈನಲ್‌ನಲ್ಲಿ ಜೋಶುವಾ ಫಿಲ್ಲರ್ ಕಾರ್ಲೊ ಬಿಯಾಡೊನನ್ನು 13–10ರಿಂದ ಸೋಲಿಸಲು ಹದಿಮೂರು ರ‍್ಯಾಕ್‌ಗಳನ್ನು ಗೆಲ್ಲಬೇಕಾಯಿತು. ಹೀಗೆ ಒಂದು ಹೊಡೆತದಲ್ಲಿ ದೈವಕ್ಕೆ ಬಾಗಿಲು ತೆರೆದಿಟ್ಟ ಆಟವೇ ಇಡೀ ಟೂರ್ನಿಯಲ್ಲಿ ಕ್ಷೇತ್ರವನ್ನು ವಿಸ್ತರಿಸಿ, ಪುರುಷಕಾರವು ತನ್ನನ್ನು ತೋರಿಸಿಕೊಳ್ಳಲು ಬೇಕಾದ ಕಾಲವನ್ನು ಒದಗಿಸುತ್ತದೆ.

ಆದರೆ ಕ್ಷೇತ್ರವನ್ನು ಎಷ್ಟು ವಿಸ್ತರಿಸಿದರೂ ಬೀಜದ ಪಾಲು ಇಲ್ಲವಾಗದು. ಪೂಲ್‌ನ ಸೋದರ ಕ್ರೀಡೆಯಾದ ಸ್ನೂಕರ್‌ನ ಐಬಿಎಸ್‌ಎಫ್ (ಅಂತಾರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಚಾಂಪಿಯನ್‌ಷಿಪ್ 2014ರಲ್ಲಿ ಬೆಂಗಳೂರಿನಲ್ಲಿ ನಡೆದಾಗ, ಫೈನಲ್‌ನಲ್ಲಿ ಚೀನಾದ 14 ವರ್ಷದ ಯಾನ್ ಬಿಂಗ್‌ಟಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್‌ನನ್ನು 8–7ರಿಂದ, ಅಂದರೆ ಕೊನೆಯ ಫ್ರೇಮ್‌ನಲ್ಲಿ (ಸುತ್ತಿನಲ್ಲಿ), ಸೋಲಿಸಿದನು. ಹದಿನಾಲ್ಕು ಫ್ರೇಮ್‌ಗಳಲ್ಲಿ ಸಮನಾಗಿ ನಿಂತ ಇಬ್ಬರಲ್ಲಿ ಒಬ್ಬನನ್ನು ಶ್ರೇಷ್ಠನೆಂದು ಘೋಷಿಸುವುದು ಸ್ಪರ್ಧೆಯ ಅಗತ್ಯವೇ ಹೊರತು ಅವರಿಬ್ಬರ ಯೋಗ್ಯತೆಯ ಪೂರ್ಣ ಅಳತೆಯಲ್ಲ.

ಕ್ಯೂ ಕ್ರೀಡೆಗಳ, ಅಂದರೆ ಪೂಲ್, ಸ್ನೂಕರ್‌ನಂತಹ ಕೋಲಿನಿಂದ ಆಡುವ ಆಟಗಳ ಒಂದು ಶಿಷ್ಟಾಚಾರವು ಇಲ್ಲಿ ಗಮನಾರ್ಹ. ಆಕಸ್ಮಿಕವಾಗಿ ಚೆಂಡು ಬಿದ್ದಾಗ ಆಟಗಾರನು ಕೈಯೆತ್ತಿ ಎದುರಾಳಿಯ ಕ್ಷಮೆ ಕೋರುತ್ತಾನೆ, ಆದರೆ ಅಂಕವನ್ನು ಹಿಂದಿರುಗಿಸುವುದಿಲ್ಲ: ಫಲವನ್ನು ಸ್ವೀಕರಿಸುತ್ತಲೇ ಅದರ ಸಂಪೂರ್ಣ ಕರ್ತೃತ್ವ ತನ್ನದಲ್ಲವೆಂದು ಒಪ್ಪುತ್ತಾನೆ. ತಾನೊಬ್ಬನೇ ಕರ್ತೃವೆಂದು ಬಗೆಯುವವನು ನಿಜವನ್ನು ಕಾಣನೆಂಬ ಗೀತೆಯ ವಿಚಾರಕ್ಕೆ ಈ ನಡೆ ಹತ್ತಿರವಾಗಿದೆ. ದೈವವನ್ನು ಲೆಕ್ಕದಿಂದ ತೆಗೆದುಹಾಕುವುದು ಯಾವ ನಿಯಮಕ್ಕೂ ಸಾಧ್ಯವಿಲ್ಲದಿರುವಾಗ, ಸೋತವನಿಗೆ ಮತ್ತೊಂದು ಅವಕಾಶ ಕೊಡುವುದು ವ್ಯವಸ್ಥೆಯ ಧರ್ಮ, ಗೆಲುವನ್ನು ತನ್ನೊಬ್ಬನದೇ ಎನ್ನದಿರುವುದು ಗೆದ್ದವನ ಧರ್ಮ.