ವ್ರತವಿರುವುದು ಅಡಿಗೆಯಲ್ಲೋ, ನಾಲಗೆಯಲ್ಲೋ?

ಭಾದ್ರಪದ ಮಾಸದ ದಶಲಕ್ಷಣ ಪರ್ವವು ಸಮೀಪಿಸುತ್ತಲೇ ಶ್ರಾವಕರ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಮೊದಲಾಗುತ್ತವೆ. ಉಪವಾಸ, ಏಕಾಶನ, ನೋಂಪಿಗಳ ಸಂಕಲ್ಪವು ಒಂದು. ಧಾರಣೆ-ಪಾರಣೆಗಳಿಗೆಂದು ಉಂಡೆ, ಕೊಬ್ಬರಿ ಮಿಠಾಯಿ, ಪಾನಕ, ಕಷಾಯ, ಲೇಹ್ಯಗಳನ್ನು ಕೂಡಿಡುವುದು ಮತ್ತೊಂದು. ಎಲ್ಲವೂ ಸಸ್ಯಜನ್ಯ, ಎಲ್ಲವೂ ಮನೆಯಲ್ಲಿಯೇ ಮಾಡಿದುದು. ಇದರಲ್ಲಿ ದೋಷವೆಲ್ಲಿಂದ ಬಂತು ಎಂದು ಕೇಳುವವರುಂಟು. ಈ ಪ್ರಶ್ನೆಯು ವಿಚಾರಾರ್ಹವಾದುದು.

ಸಸ್ಯದಿಂದ ಬಂದುದೆಲ್ಲವೂ ವ್ರತಿಗೆ ಯೋಗ್ಯವೆಂಬುದು ನಮ್ಮ ಆಚಾರ್ಯರ ಮತವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ತ್ರಸಜೀವಿಗಳ ಘಾತವಾಗುವುದೆಂದು ಮಧು-ಮಾಂಸಗಳನ್ನೂ, ಪ್ರಮಾದಕ್ಕೆ ಕಾರಣವೆಂದು ಮದ್ಯವನ್ನೂ, ಫಲ ಅಲ್ಪ, ಘಾತ ಅಧಿಕವೆಂದು ಹಸಿಶುಂಠಿ, ಮೂಲಂಗಿ, ಬೆಣ್ಣೆ, ಬೇವಿನ ಹೂವು ಮೊದಲಾದವನ್ನೂ ತ್ಯಜಿಸಬೇಕೆಂದಿದ್ದಾರೆ. ಹಸಿಗೆಡ್ಡೆಯು ಅನಂತ ಜೀವಗಳ ಆಶ್ರಯ. ಆದುದರಿಂದಲೇ ನಮ್ಮ ಕಷಾಯಕ್ಕೆ ಒಣಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿಗಳೇ ಸಾಕಾದುವು. ಆಲ, ಅರಳಿ, ಅತ್ತಿ ಮೊದಲಾದ ಐದು ಬಗೆಯ ಹಣ್ಣುಗಳ ನಿಷೇಧವೂ ಹೀಗೆಯೇ. ಈ ಹಣ್ಣುಗಳೊಳಗೆ ಕಿರುಕಣಜಗಳು ಹೊಕ್ಕು ಮೊಟ್ಟೆಯಿಟ್ಟು ಬೆಳೆಯುವುದನ್ನು ಇಂದಿನ ಸಸ್ಯವಿಜ್ಞಾನವೂ ಹೇಳುತ್ತದೆ. ಪೇಟೆಯ ಪೊಟ್ಟಣದ ಮೇಲಿನ ಹಸಿರು ಚುಕ್ಕಿಯನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಜೇನುತುಪ್ಪದ ಶೀಶೆಯ ಮೇಲೂ ಅದೇ ಚುಕ್ಕಿಯಿದೆ, ಚ್ಯವನಪ್ರಾಶದಲ್ಲಿಯೂ ಸಾಮಾನ್ಯವಾಗಿ ಜೇನು ಇರುತ್ತದೆ. ಚುಕ್ಕಿಯು ಸರಕಾರದ್ದು, ವ್ರತವು ನಮ್ಮದು.

ಆದರೆ ಪದಾರ್ಥವು ಶುದ್ಧವಾದ ಮಾತ್ರಕ್ಕೆ ವ್ರತವು ಶುದ್ಧವಾಯಿತೇ? ಆರು ಬಾಹ್ಯ ತಪಸ್ಸುಗಳಲ್ಲಿ ಅನಶನವು ಮೊದಲನೆಯದು, ಹೊಟ್ಟೆ ತುಂಬುವುದಕ್ಕೆ ಮುನ್ನ ಕೈತೊಳೆಯುವ ಅವಮೌದರ್ಯವು ಎರಡನೆಯದು, ರಸಪರಿತ್ಯಾಗವು ನಾಲ್ಕನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವು ಷಡ್ರಸಗಳು. ಇವು ಅಭಕ್ಷ್ಯಗಳಲ್ಲ. ಭಕ್ಷ್ಯವಾದುದನ್ನೇ ಬಿಡಬೇಕೆಂದು ಆಚಾರ್ಯರು ಹೇಳಿದ್ದೇಕೆಂದರೆ, ಅವರ ದೃಷ್ಟಿಯು ಪಾತ್ರೆಯ ಮೇಲಿರದೆ ನಾಲಗೆಯ ಮೇಲಿತ್ತು. ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯೆಂದೇ ಗುರುತಿಸಿದರು. ಆ ಮೂರ್ಛೆಯು ಹೊನ್ನಿನ ಮೇಲೆ ಹುಟ್ಟುವಂತೆಯೇ ಒಂದು ರವೆಯುಂಡೆಯ ಮೇಲೂ ಹುಟ್ಟಬಲ್ಲುದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಅನಂತ ಚತುರ್ದಶಿಯ ಮರುದಿನ ಪಾರಣೆಗೆ ಕುಳಿತು ಪಾಯಸದ ರುಚಿ ನೋಡಿ, "ಏಲಕ್ಕಿ ಕಡಿಮೆಯಾಯಿತು" ಎಂದೆ. ನನ್ನ ಶ್ರೀಮತಿಯು ಏನೂ ಹೇಳಲಿಲ್ಲ. ಆಕೆಯೂ ಹಿಂದಿನ ದಿನ ನಿರ್ಜಲವಾಗಿದ್ದವಳು. ನನ್ನ ಪಾರಣೆಗೆ ತಡವಾಗಬಾರದೆಂದು ಸೂರ್ಯೋದಯಕ್ಕೆ ಮೊದಲೇ ಒಲೆ ಹೊತ್ತಿಸಿದ್ದಳು. ಕತ್ತಲಲ್ಲಿ ಬೇಯಿಸಿದುದನ್ನು ಹಗಲು ಉಂಡರೂ ರಾತ್ರಿಭೋಜನ ತ್ಯಾಗಕ್ಕೆ ಕುಂದೆಂದು ಮಕ್ಕಳಿಗೆ ಪಾಠ ಹೇಳಿದವನು ನಾನೇ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ದ್ವಾರಗಳಿಂದಲೂ ಕರ್ಮವು ಬರುತ್ತದೆ. ಆ ದಿನ ಎರಡು ದ್ವಾರಗಳನ್ನು ನಾನೇ ತೆರೆದಿಟ್ಟಿದ್ದೆ. ಪಾಯಸದಲ್ಲಿ ಇದ್ದುದೆಲ್ಲವೂ ಭಕ್ಷ್ಯವೇ. ಕೆಟ್ಟುದು ನನ್ನ ಉಪವಾಸ.

ಹಾಗಾದರೆ ಗೃಹಸ್ಥನು ಸಿಹಿಯನ್ನು ಮಾಡಲೇಬಾರದೆ? ಹಾಗೆನ್ನಲಾರೆ. ಶ್ರಾವಕನು ಮುನಿಯಲ್ಲ, ಪರ್ವದ ದಿನ ಮಕ್ಕಳ ಕೈಗೆ ಒಂದು ಉಂಡೆ ಬಿದ್ದರೆ ಅವರಿಗೆ ಬಸದಿಯ ದಾರಿಯೂ ಸಿಹಿಯಾಗುತ್ತದೆ. ಮಿತಿಯನ್ನು ಮೊದಲೇ ಸಂಕಲ್ಪಿಸಿ, ಆ ಮಿತಿಯಲ್ಲಿ ನಿಲ್ಲುವುದೇ ಪರಿಮಾಣವ್ರತ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ವೈದ್ಯರು ಬಿ-12 ಜೀವಸತ್ವದ ಕೊರತೆಯಿದೆಯೆಂದರೂ ಔಷಧವನ್ನು ನಿರಾಕರಿಸಿ, ಕೈಕಾಲು ಜೋಮು ಹಿಡಿದರೂ ಅದನ್ನೇ ತಪಸ್ಸೆಂದು ಭಾವಿಸುವ ಹಿರಿಯರಿದ್ದಾರೆ. ಈ ಸತ್ವವು ಹಾಲಿನಲ್ಲಿ ಸ್ವಲ್ಪವಿದೆ. ಕಾಳು, ಸೊಪ್ಪು, ಹಣ್ಣುಗಳಿಂದ ಸಾಕಷ್ಟು ದೊರೆಯದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಸ್ವಾಧ್ಯಾಯ, ಸಾಮಾಯಿಕಗಳಿಗೆ ಸಾಧನವಾದ ದೇಹವನ್ನು ಹಟದಿಂದ ಕೆಡಿಸುವುದು ವ್ರತವಲ್ಲ. ಕ್ಯಾಪ್ಸೂಲಿನ ಹೊದಿಕೆಯು ಬಹುಮಟ್ಟಿಗೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲೆಟಿನ್ನಿನದು. ಸಸ್ಯಜನ್ಯ ಹೊದಿಕೆಯದೂ ಹೊದಿಕೆಯಿಲ್ಲದ ಮಾತ್ರೆಯೂ ದೊರೆಯುತ್ತವೆ. ಕೇಳಿ, ತಿಳಿದು ಕೊಳ್ಳೋಣ. ಆದರೆ ಕೊರತೆಯೇನೂ ಇಲ್ಲದವನು ಮುಪ್ಪಿನ ಭಯದಿಂದ ಪುಷ್ಟಿಯ ಪುಡಿಗಳನ್ನು ಡಬ್ಬಿಗಟ್ಟಲೆ ತರಿಸಿದರೆ, ಅದು ದೇಹಮಮತೆಯಲ್ಲದೆ ಮತ್ತೇನು?

ಆದುದರಿಂದ ತುತ್ತನ್ನೆತ್ತುವ ಮೊದಲು ಮೂರನ್ನು ಕೇಳಿಕೊಳ್ಳೋಣ: ಇದರಲ್ಲಿ ಯಾವ ಜೀವಕ್ಕೆ ನೋವಾಯಿತು? ಇದಕ್ಕಾಗಿ ಮನೆಯಲ್ಲಿ ಯಾರು ದಣಿದರು? ಇದು ಇಲ್ಲದಿದ್ದರೆ ನನ್ನ ಮನಸ್ಸು ಕದಡುವುದೇ? ಈಗ ನಮ್ಮ ಮನೆಯಲ್ಲಿ ಪಾರಣೆಯೆಂದರೆ ಅಕ್ಕಿ-ಹೆಸರುಬೇಳೆಯ ಗಂಜಿ, ಒಂದು ಲೋಟ ಜೀರಿಗೆ ಕಷಾಯ. ಬೆಳಕು ಹರಿದ ಮೇಲೆ ನೀರು ಸೋಸಿ ಒಲೆಯ ಮೇಲಿಡುವವನು ನಾನು. ಗಂಜಿಗೆ ಉಪ್ಪು ಕೆಲವೊಮ್ಮೆ ಹೆಚ್ಚಾಗುತ್ತದೆ. ಆಕೆ ಏನೂ ಹೇಳುವುದಿಲ್ಲ.