ಅಪಾಯ ಭತ್ಯೆ

ಜೀವಕ್ಕೆ ಬೆಲೆ ಕಟ್ಟಲಾಗದು ಎಂದು ನಾವೆಲ್ಲರೂ ಹೇಳುತ್ತೇವೆ. ಆದರೂ ಪ್ರತಿ ತಿಂಗಳ ಕೊನೆಯ ವಾರ ಅಂಥದೊಂದು ಬೆಲೆಯನ್ನು ಸಂಬಳದ ಪಟ್ಟಿಯಲ್ಲಿ ತುಂಬುವುದು ನನ್ನ ಉದ್ಯೋಗ. ನಾನಿರುವುದು ಶಾರ್ಜಾದಲ್ಲಿ. ಸರಕು ವಿಮಾನಗಳನ್ನು ನಡೆಸುವ ಕಂಪನಿಗಳಿಗೆ ಮೆಕ್ಯಾನಿಕ್‌ಗಳನ್ನೂ ಲೋಡ್‌ಮಾಸ್ಟರ್‌ಗಳನ್ನೂ ಒದಗಿಸುವ ಒಂದು ಸಣ್ಣ ಸಂಸ್ಥೆಗೆ ಲೆಕ್ಕ ಬರೆಯುತ್ತೇನೆ. ನಮ್ಮ ಹುಡುಗರಲ್ಲಿ ಕೆಲವರು ಜುಬಾಕ್ಕೆ ಹೋಗುತ್ತಾರೆ, ಕೆಲವರು ಮೊಗದಿಶುವಿಗೆ. ಅಲ್ಲಿ ಕಳೆದ ಪ್ರತಿ ದಿನಕ್ಕೂ ಮೂಲ ವೇತನದ ಮೇಲೆ ಒಂದಿಷ್ಟು ದಿರಹಂ ಸೇರುತ್ತದೆ. ಆ ಕಾಲಮಿನ ಹೆಸರು ‘ಅಪಾಯ ಭತ್ಯೆ’. ಹೋದ ದಿನಕ್ಕೆ ಅರ್ಧ, ಬಂದ ದಿನಕ್ಕೆ ಅರ್ಧ.

ಯುದ್ಧ ನಡೆಯುತ್ತಿರುವ ನಾಡಿಗೆ ಹೊಟ್ಟೆಪಾಡಿಗಾಗಿ ಹೋಗುವವನು ತನ್ನ ಅಪಾಯವನ್ನು ತೂಗುವುದು ಹೇಗೆ? ಅವನನ್ನು ಕಳುಹಿಸಿ ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನಮ್ಮಂಥವರು ತೂಗುವುದು ಹೇಗೆ? ಈ ಎರಡು ತಕ್ಕಡಿಗಳೂ ಒಂದೇ ತೂಕ ತೋರಿಸುವುದಿಲ್ಲ ಎಂಬುದು ಈ ಪಟ್ಟಿಯನ್ನು ತುಂಬುತ್ತ ತುಂಬುತ್ತ ನನಗೆ ತಿಳಿಯುತ್ತ ಬಂದ ಸಂಗತಿ.

ಮೊದಲು ಅಪಾಯ ಎಂಥದೆಂದು ನೋಡೋಣ. 2025ರ ಮಾರ್ಚ್ 7ರಂದು ದಕ್ಷಿಣ ಸುಡಾನಿನ ನಾಸಿರ್‌ನಲ್ಲಿ ಸೈನಿಕರನ್ನು ತೆರವುಗೊಳಿಸಲು ಹೋಗಿದ್ದ ವಿಶ್ವಸಂಸ್ಥೆಯ ಹೆಲಿಕಾಪ್ಟರಿನ ಮೇಲೆ ಗುಂಡಿನ ದಾಳಿ ನಡೆಯಿತು. ಅದರ ಸಿಬ್ಬಂದಿಯೊಬ್ಬರು ಸತ್ತರು, ಇಬ್ಬರು ತೀವ್ರವಾಗಿ ಗಾಯಗೊಂಡರು. ಅದಕ್ಕೆ ಐದು ವಾರ ಮೊದಲು ಅದೇ ದೇಶದ ಯೂನಿಟಿ ರಾಜ್ಯದಲ್ಲಿ, ತೈಲಕ್ಷೇತ್ರದ ಕೆಲಸಗಾರರನ್ನು ಹೊತ್ತ ಸಣ್ಣ ವಿಮಾನವೊಂದು ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದು, 21 ಜನರಲ್ಲಿ 20 ಜನ ತೀರಿಕೊಂಡರು. ಅವರಲ್ಲೊಬ್ಬರು ಭಾರತೀಯರು. ಕ್ಷಿಪಣಿ, ಗುಂಡು ಮಾತ್ರವೇ ಅಪಾಯ ಎಂದುಕೊಳ್ಳುವವರಿಗೆ ಈ ಎರಡನೆಯ ಸುದ್ದಿ ನೆನಪಿರಬೇಕು. ಯುದ್ಧ ಹಾಳುಗೆಡವಿದ ದೇಶದಲ್ಲಿ ರನ್‌ವೇ ಮಣ್ಣಿನದಿರುತ್ತದೆ, ಹವಾಮಾನದ ಮಾಹಿತಿ ಅರೆಬರೆ, ಅಗ್ನಿಶಾಮಕ ದಳ ಇರುವುದೇ ಅಪರೂಪ, ಒಳ್ಳೆಯ ಆಸ್ಪತ್ರೆ ಇನ್ನೊಂದು ದೇಶದಲ್ಲಿ.

ಕಾಗದದ ಮೇಲೆ ಇವೆಲ್ಲವೂ ತೀರ ಸಣ್ಣದಾಗಿ ಕಾಣುತ್ತವೆ. 2014ರ ಜುಲೈ 17ರಂದು ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 17 ವಿಮಾನವನ್ನು ಪೂರ್ವ ಉಕ್ರೇನಿನ ಮೇಲೆ ಹೊಡೆದುರುಳಿಸಿದಾಗ 298 ಜನ ಸತ್ತರು. ಅಲ್ಲಿ 32,000 ಅಡಿಯವರೆಗಿನ ಆಕಾಶವನ್ನು ಮುಚ್ಚಲಾಗಿತ್ತು. ವಿಮಾನ 33,000 ಅಡಿಯಲ್ಲಿತ್ತು, ಅಂದರೆ ನಿಯಮದ ಒಳಗೇ ಇತ್ತು. ಆ ದಿನ ಆ ಪ್ರದೇಶದ ಮೇಲೆ ಸುಮಾರು 160 ನಾಗರಿಕ ವಿಮಾನಗಳು ಹಾರಿದ್ದವೆಂದು ಆಮೇಲೆ ಡಚ್ ತನಿಖೆ ಹೇಳಿತು. ಲೆಕ್ಕಿಗನ ಕಣ್ಣಿನಿಂದ ನೋಡಿದರೆ ಅಂದಿನ ಅಪಾಯ ಶೇಕಡಾ ಒಂದಕ್ಕಿಂತ ಕಡಿಮೆ. ಆ 298 ಮನೆಗಳವರಿಗೆ ಈ ಶೇಕಡಾವಾರು ಯಾವ ಅರ್ಥ ಕೊಟ್ಟೀತು?

ನಮ್ಮ ವೃತ್ತಿಯಲ್ಲಿ ಐಎಎಸ್ 37 ಎಂಬ ಲೆಕ್ಕಪತ್ರ ಮಾನದಂಡವಿದೆ. ಮುಂದೆ ಬರಬಹುದಾದ ಹೊಣೆಯನ್ನು ಅದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಬರುವ ಸಂಭವವೇ ಹೆಚ್ಚು ಎನಿಸಿ, ಮೊತ್ತವನ್ನೂ ಅಂದಾಜಿಸಬಹುದಾದರೆ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಂದರೂ ಬರಬಹುದು ಎಂದಾದರೆ ಟಿಪ್ಪಣಿಯಲ್ಲಿ ತಿಳಿಸಬೇಕು. ತೀರ ದೂರದ ಮಾತಾದರೆ ತಿಳಿಸುವ ಅಗತ್ಯವೂ ಇಲ್ಲ. ವ್ಯವಹಾರಕ್ಕೆ ಇದು ಒಳ್ಳೆಯ ನಿಯಮ, ನಾನು ಅದನ್ನು ನಂಬಿ ಬದುಕುತ್ತೇನೆ. ಆದರೆ ‘ದೂರದ ಮಾತು’ ಎಂಬುದನ್ನು ಅಳೆಯುವುದು ಕಂಪನಿ ನಿಂತ ಜಾಗದಿಂದ. ಹತ್ತು ವಿಮಾನ, ಇನ್ನೂರು ಕೆಲಸಗಾರರು, ಸಾವಿರಾರು ಹಾರಾಟ ಇರುವವರಿಗೆ ಸರಾಸರಿ ಎಂಬುದೊಂದಿದೆ. ಒಂದು ನಷ್ಟವನ್ನು ಇನ್ನೊಂದು ಲಾಭದಲ್ಲಿ ಹರಡಬಹುದು. ಒಬ್ಬನೇ ಮಗನನ್ನು ಕಳುಹಿಸಿದ ಮನೆಗೆ ಸರಾಸರಿ ಇಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ವಿಮೆಯವರು. ವಿಮಾನದ ಸಾಮಾನ್ಯ ವಿಮೆಯಿಂದ ಯುದ್ಧದ ಅಪಾಯವನ್ನು ಹೊರಗಿಡುತ್ತಾರೆ. ಅದಕ್ಕೆ ಬೇರೆಯೇ ಪಾಲಿಸಿ, ಬೇರೆಯೇ ಪ್ರೀಮಿಯಂ. ಆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಷರತ್ತೂ ಇರುತ್ತದೆ: ಪರಿಸ್ಥಿತಿ ಕೆಟ್ಟರೆ ಏಳು ದಿನದ ನೋಟಿಸು ಕೊಟ್ಟು ವಿಮೆಯನ್ನು ಹಿಂತೆಗೆದುಕೊಳ್ಳಬಹುದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವರು ಈ ಹಕ್ಕನ್ನು ಚಲಾಯಿಸಿದರು. ಆಗ ವಿಮಾನಗಳು ನೆಲ ಹಿಡಿಯದಿರಲೆಂದು ಹಲವು ದೇಶಗಳ ಸರ್ಕಾರಗಳೇ ಹೊಣೆ ಹೊರಬೇಕಾಯಿತು.

ನಾನು ಆ ಷರತ್ತನ್ನು ಓದುವಾಗಲೆಲ್ಲ ಪಕ್ಕದಲ್ಲಿ ನಮ್ಮ ಹುಡುಗರ ಒಪ್ಪಂದವನ್ನು ಇಟ್ಟುಕೊಂಡು ನೋಡುತ್ತೇನೆ. ದುಡ್ಡು ಹೂಡಿದವನಿಗೆ ಹಿಂದೆ ಸರಿಯುವ ಹಕ್ಕಿದೆ. ಅಂತರರಾಷ್ಟ್ರೀಯ ನಿಯಮದಂತೆ ಹಾರಾಟದ ವಿಷಯದಲ್ಲಿ ಕೊನೆಯ ಮಾತು ಕ್ಯಾಪ್ಟನ್‌ನದು, ಆದ್ದರಿಂದ ಅವನಿಗೂ ಒಂದಷ್ಟು ಹಕ್ಕಿದೆ. ಹಿಂದಿನ ಸೀಟಿನಲ್ಲಿ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಕೂತ ಮೆಕ್ಯಾನಿಕ್‌ಗೆ ಏನಿದೆ?

‘ಅವನು ದೊಡ್ಡವನು, ಸಹಿ ಹಾಕಿ ಬಂದಿದ್ದಾನೆ, ಬಲವಂತ ಯಾರೂ ಮಾಡಿಲ್ಲ’ ಎನ್ನುವವರಿದ್ದಾರೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬಡವನಿಗೆ ಅಪಾಯದ ಕೆಲಸ ಮಾಡಬೇಡ ಎಂದು ಉಪದೇಶಿಸುವುದು ಸುಲಭ, ಅವನ ಸಾಲ ತೀರಿಸುವುದು ಕಷ್ಟ. ಅಲ್ಲದೆ ಯಾರಾದರೂ ಹಾರಲೇಬೇಕು. ದಕ್ಷಿಣ ಸುಡಾನಿನಲ್ಲಿ ಮಳೆಗಾಲ ಬಂತೆಂದರೆ ರಸ್ತೆಗಳು ಕೆಸರಿನಲ್ಲಿ ಮುಳುಗುತ್ತವೆ, ಎಷ್ಟೋ ಊರುಗಳಿಗೆ ಅನ್ನ, ಔಷಧಿ ಆಕಾಶದಿಂದಲೇ ಬರಬೇಕು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಎಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದದ್ದು ಕನ್ನಡದ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆ ‘ಆಪರೇಷನ್ ಕಾವೇರಿ’ಯಲ್ಲಿ ನಮ್ಮ ವಾಯುಪಡೆಯ ವಿಮಾನವೊಂದು ರಾತ್ರಿಯ ಹೊತ್ತು, ದೀಪವಿಲ್ಲದ, ಹದಗೆಟ್ಟ ವಾದಿ ಸೈದ್ನಾ ರನ್‌ವೇಯಲ್ಲಿ ಇಳಿದು 121 ಜನರನ್ನು ಕರೆತಂದಿತು. ಅಪಾಯ ಬೇಡ ಎಂದು ಎಲ್ಲರೂ ಮನೆಯಲ್ಲಿ ಕೂತಿದ್ದರೆ ಅವರಿಗೆ ಗತಿ ಯಾರು?

ಹೀಗಾಗಿ ಹೋಗುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿಲ್ಲ. ನಾನು ಕೇಳುವುದು ಬೇರೆ: ಈ ವಾರ ಬೇಡ ಎಂದರೆ ಮುಂದಿನ ವಾರ ಅವನ ಕೆಲಸ ಇರುತ್ತದೆಯೇ? ಸಹಿ ಹಾಕುವಾಗ ಕೊಟ್ಟ ಒಪ್ಪಿಗೆ ಅಂದಿನದು. ಅಪಾಯ ದಿನದಿನಕ್ಕೂ ಬದಲಾಗುತ್ತದೆ. ವಿಮೆಯವರಂತೆ ಅವನಿಗೂ ಮತ್ತೆ ಯೋಚಿಸುವ ಅವಕಾಶವಿದ್ದರೆ ಮಾತ್ರ ಅದನ್ನು ಒಪ್ಪಿಗೆ ಎನ್ನಬಹುದು.

ಆ ಅವಕಾಶವನ್ನು ಕಸಿಯಲು ಬಂದೂಕು ಬೇಕಿಲ್ಲ, ಸಂಬಳದ ಚೀಟಿ ಸಾಕು. ಮೂಲ ವೇತನ 4,000 ದಿರಹಂ, ದಿನಕ್ಕೆ 250ರಂತೆ ಭತ್ಯೆ ಎಂದಿಟ್ಟುಕೊಳ್ಳಿ. ತಿಂಗಳಲ್ಲಿ 20 ದಿನ ಅಲ್ಲಿದ್ದರೆ ಭತ್ಯೆಯೇ 5,000. ಹುಡುಗ 9,000ದ ಲೆಕ್ಕದಲ್ಲಿ ಊರಲ್ಲಿ ಮನೆ ಕಟ್ಟಲು ಸಾಲ ತೆಗೆಯುತ್ತಾನೆ, ತಂಗಿಯ ಮದುವೆಗೆ ಮಾತು ಕೊಡುತ್ತಾನೆ. ಆರು ತಿಂಗಳಲ್ಲಿ ಭತ್ಯೆ ಎಂಬುದು ಭತ್ಯೆಯಾಗಿ ಉಳಿಯದೆ ಸಾಲದ ಕಂತಾಗುತ್ತದೆ. ಆಮೇಲೆ ಗುಂಡಿನ ಸದ್ದು ಹತ್ತಿರ ಬಂದರೂ ಅವನು ಬೇಡ ಎನ್ನಲಾರ.

ಕಳೆದ ವರ್ಷ ಅಣ್ಣನ ಮಗನಿಗೆ ಬೇರೊಂದು ಕಂಪನಿಯಿಂದ ಜುಬಾದ ಕೆಲಸ ಬಂತು. ‘ಚಿಕ್ಕಪ್ಪಾ, ನೀವು ಲೆಕ್ಕ ಬಲ್ಲವರು. ಹೋಗಲಾ ಬೇಡವಾ ಹೇಳಿ’ ಎಂದು ಫೋನು ಮಾಡಿದ. ಹೋಗು, ಬೇಡ ಎರಡನ್ನೂ ನಾನು ಹೇಳಲಿಲ್ಲ. ‘ಹಾರಲಾರೆ ಎಂದ ದಿನ ಏನಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳು. ವಿಮೆಯ ಕಾಗದದಲ್ಲಿ ಯುದ್ಧದ ಸಾವು ಸೇರಿದೆಯಾ ನೋಡು. ಭತ್ಯೆ ನಂಬಿ ಒಂದು ರೂಪಾಯಿ ಸಾಲ ಮಾಡಬೇಡ, ಮೂಲ ವೇತನದಲ್ಲೇ ಮನೆ ನಡೆಯಬೇಕು. ಇನ್ನೊಂದು, ಅಪ್ಪ ಅಮ್ಮನಿಗೆ ನೈರೋಬಿ ಅಂತ ಸುಳ್ಳು ಹೇಳಬೇಡ’ ಎಂದೆ. ಈ ಕೊನೆಯ ಮಾತಿಗೆ ಅವನು ಸುಮ್ಮನಾದ. ಈ ಉದ್ಯೋಗದಲ್ಲಿ ‘ನೈರೋಬಿ’ ಎಂಬುದು ಮನೆಯವರಿಗೆ ಹೇಳುವ ಊರು.

‘ಅಮ್ಮನಿಗೆ ಬಿಪಿ ಇದೆ ಚಿಕ್ಕಪ್ಪಾ’ ಎಂದ ಸ್ವಲ್ಪ ಹೊತ್ತಿನ ಮೇಲೆ.

‘ಗೊತ್ತು ಕಣೋ. ಆದರೆ ಅಪಾಯದಲ್ಲಿ ಅವಳ ಪಾಲೂ ಇದೆ. ಪಾಲುದಾರರಿಗೆ ಲೆಕ್ಕ ಮುಚ್ಚಿಡುವ ಹಾಗಿಲ್ಲ’ ಎಂದೆ.

ಅವನು ಊರಿನ ಹೆಸರು ಹೇಳಿಯೇ ಹೋದ. ಮನೆ ಕಟ್ಟುವ ಯೋಚನೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದ. ಅಣ್ಣ ತಿಂಗಳುಗಟ್ಟಲೆ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಸುಳ್ಳು ಹೇಳಿದ್ದರೆ ಅಣ್ಣ ಅತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು, ಅದೂ ನಿಜ. ಆದರೆ ಇದೇ ಮಳೆಗಾಲದಲ್ಲಿ ಅವನು ಒಂದು ಸರದಿಯನ್ನು ಬೇಡ ಎಂದಾಗ ಅವನ ಬೆನ್ನಿಗೆ ಮನೆಯಿತ್ತು. ‘ದುಡ್ಡು ಕಡಿಮೆ ಬಂದರೆ ಬರಲಿ, ಬಂದುಬಿಡು’ ಎನ್ನಲು ಅಪ್ಪನಿಗೆ ಮಗ ಎಲ್ಲಿದ್ದಾನೆಂಬುದು ಗೊತ್ತಿರಬೇಕಲ್ಲ.

ನಮ್ಮ ಕಚೇರಿಯಲ್ಲೂ ನಾನು ಒಂದು ಪ್ರಸ್ತಾಪ ಇಟ್ಟೆ: ಭತ್ಯೆಯ ಅರ್ಧವನ್ನು ಮೂಲ ವೇತನಕ್ಕೆ ಸೇರಿಸೋಣ, ಹೋದರೂ ಹೋಗದಿದ್ದರೂ ಅದು ಸಿಗಲಿ. ಗಿರಾಕಿಗಳು ದಿನದ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ, ಮನೆಯಲ್ಲಿ ಕೂತವನಿಗೆ ನಾನೆಲ್ಲಿಂದ ತರಲಿ ಎಂದು ಮಾಲೀಕರು ಕೇಳಿದರು. ಅವರ ಮಾತಿನಲ್ಲೂ ಲೆಕ್ಕವಿತ್ತು. ಕೊನೆಗೆ ನಾಲ್ಕರಲ್ಲಿ ಒಂದು ಭಾಗಕ್ಕೆ ಒಪ್ಪಿದರು. ಒಂದು ಸರದಿ ಬೇಡ ಎಂದವನನ್ನು ಆ ಕಾರಣಕ್ಕೆ ತೆಗೆಯುವುದಿಲ್ಲ ಎಂಬ ಸಾಲೂ ಒಪ್ಪಂದಕ್ಕೆ ಸೇರಿತು. ಆ ಸಾಲನ್ನು ಈವರೆಗೆ ಬಳಸಿಕೊಂಡವರು ಇಬ್ಬರು. ಇಬ್ಬರೂ ಈಗಲೂ ನಮ್ಮ ಪಟ್ಟಿಯಲ್ಲಿದ್ದಾರೆ. ಉಳಿದ ಮುಕ್ಕಾಲು ಭಾಗದ ಮಾತನ್ನು ಬರುವ ವರ್ಷದ ಬಜೆಟ್ಟಿನಲ್ಲಿ ಮತ್ತೆ ಎತ್ತುವವನಿದ್ದೇನೆ.