ನೋಯದ ಕಾಯಿಲೆ ಯಾರ ಹೊಣೆ?

ಬಿ.ಪಿ. ಮಾತ್ರೆಯನ್ನು ನಡುವಿನಲ್ಲೇ ಬಿಟ್ಟವನನ್ನು ನಾವು ಬೇಜವಾಬ್ದಾರಿ ಮನುಷ್ಯ ಎಂದುಬಿಡುತ್ತೇವೆ. ಆದರೆ ಜ್ವರ ಬಂದವನಿಗೆ ಮಾತ್ರೆಯ ಗುಣ ಅಂದೇ ತಿಳಿಯುತ್ತದೆ. ರಕ್ತದೊತ್ತಡ 140/90 ದಾಟಿದವನಿಗೆ ಬಹಳಷ್ಟು ಸಲ ನೋವೂ ಇಲ್ಲ, ದಣಿವೂ ಇಲ್ಲ. ಮಾತ್ರೆಯಿಂದ ಅವನಿಗೆ ಆಗುವ ಲಾಭವೆಂದರೆ ಬಾರದೇ ಹೋದ ಪಾರ್ಶ್ವವಾಯು, ಆಗದೇ ಉಳಿದ ಹೃದಯಾಘಾತ. ಆಗದೇ ಹೋದದ್ದಕ್ಕೆ ಋಣಿಯಾಗಿರುವುದು ಯಾರಿಗೂ ಸುಲಭವಲ್ಲ. ಅಳತೆ ಸರಿಯಾಯಿತೆಂದು ಮಾತ್ರೆ ನಿಲ್ಲುತ್ತದೆ, ಸರಿಯಾದದ್ದು ಮಾತ್ರೆಯಿಂದಲೇ ಎಂಬುದು ಮರೆತುಹೋಗುತ್ತದೆ.

ಆಸ್ಪತ್ರೆ ದೂರ ಎನ್ನುವವರಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂಟಿ ಮನೆಗಳ ಮಟ್ಟಿಗೆ, ಅದರಲ್ಲೂ ಮಳೆಗಾಲದಲ್ಲಿ, ಆ ಮಾತು ಸುಳ್ಳಲ್ಲ. ತುಮರಿಯವರು ಶರಾವತಿ ಹಿನ್ನೀರು ದಾಟಲು ದಶಕಗಳ ಕಾಲ ಲಾಂಚಿಗಾಗಿ ಕಾದರು. ಸೇತುವೆ ತೆರೆದದ್ದು 2025ರ ಜುಲೈನಲ್ಲಿ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಸರ್ಕಾರದ ಗೃಹ ಆರೋಗ್ಯ ಯೋಜನೆಯೂ ತಪಾಸಣೆಯನ್ನು ಮನೆಬಾಗಿಲಿಗೆ ತರುವ ಉದ್ದೇಶದ್ದೇ. ಸರಿ, ಬಾಗಿಲಿಗೆ ಬಂದದ್ದು ಬಾಯಿಗೆ ಹೋಗಬೇಕಲ್ಲ?

ಅಲ್ಲಿಂದ ಮುಂದಿನದು ಮನೆಯವರ ಪಾಲು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚಕ್ಕಿಂತಲೂ ಕಡಿಮೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇರುವ ನಮ್ಮ ಮಲೆನಾಡಿನ ಊಟದಲ್ಲಿ ರೋಗಿಯೊಬ್ಬನೇ ಇದನ್ನು ಪಾಲಿಸುವುದು ಹೇಗೆ? ಸಾರು ಬೇಯುವುದು ಎಲ್ಲರಿಗೂ ಸೇರಿ ಒಂದೇ ಪಾತ್ರೆಯಲ್ಲಿ. ಯಜಮಾನನಿಗೆ ಬಿ.ಪಿ. ಬಂದರೆ ಇಡೀ ಮನೆಯ ಸಾರು ಸಪ್ಪೆಯಾಗುತ್ತದೆ. ಅಡುಗೆ ಮಾಡುವ ತಾಯಿಗೆ ಬಂದರೆ ಆಕೆ ತನ್ನ ತಟ್ಟೆಗೆ ಬಡಿಸಿಕೊಂಡ ಸಾರಿಗೆ ನೀರು ಬೆರೆಸಿಕೊಂಡು ಉಣ್ಣುತ್ತಾಳೆ. 'ಸ್ವಯಂ ಆರೈಕೆ' ಎಂಬ ಮಾತು ಎಷ್ಟು ಟೊಳ್ಳು ಎಂಬುದು ಈ ತಟ್ಟೆಯನ್ನು ನೋಡಿದರೆ ತಿಳಿಯುತ್ತದೆ.

ರಮಝಾನ್ ಬಂದಾಗಲೂ ಅಷ್ಟೆ. ಉಪವಾಸ ಹಿಡಿಯುವ ಹಿರಿಯರು ಯಾರನ್ನೂ ಕೇಳದೆ ಮಾತ್ರೆಯನ್ನೇ ಬಿಡುವುದುಂಟು. ರೋಗಿಗೆ ಕುರ್‌ಆನ್ ವಿನಾಯಿತಿ ಕೊಟ್ಟಿದೆ. ಉಪವಾಸ ಹಿಡಿಯಬಹುದಾದವರಿಗೆ ಸಹರಿ-ಇಫ್ತಾರ್‌ಗಳ ಹೊತ್ತಿಗೆ ಮಾತ್ರೆ ಹೊಂದಿಸಿಕೊಡಲು ಸಾಧ್ಯವೇ ಎಂಬುದನ್ನು ವೈದ್ಯರು ಹೇಳಬಲ್ಲರು. ಕೇಳಬೇಕು, ಅದೂ ತಿಂಗಳು ಆರಂಭವಾಗುವ ಮೊದಲೇ.

ಹಾಗೆಂದು ಕಾವಲು ಕೂರುವುದು ಆರೈಕೆಯಲ್ಲ. ಗದರಿಸಿದರೆ ಮಾತ್ರೆ ದಿಂಬಿನಡಿ ಸೇರುತ್ತದೆ. "ಮಾತ್ರೆ ತಗೊಂಡ್ರಾ?" ಎಂದು ಪೊಲೀಸರಂತೆ ಕೇಳಿದರೆ "ಹೂಂ" ಎಂಬ ಉತ್ತರ ಸಿದ್ಧವಿರುತ್ತದೆ. "ಅಬ್ಬಾ, ಈ ವಾರ ಎಷ್ಟು ದಿನ ತಪ್ಪಿಹೋಯ್ತು?" ಎಂದು ಪಕ್ಕದಲ್ಲಿ ಕುಳಿತು ಕೇಳಿದರೆ, ಎರಡು ದಿನವೋ ಮೂರು ದಿನವೋ, ನಿಜ ಹೊರಬರುತ್ತದೆ. ಕಾಲು ಬಾತಿದ್ದಕ್ಕೆ ಬಿಟ್ಟರೋ, ಚೀಟಿ ಮುಗಿದಿತ್ತೋ, ಮಗನ ದುಡ್ಡು ಖರ್ಚಾಗುತ್ತದೆಂಬ ಸಂಕೋಚವೋ, ಅದೂ ಆಗಲೇ ತಿಳಿಯುತ್ತದೆ.